ಯಾರಾದರೂ ಸಾಕಿಕೊಳ್ಳಿ

ಮೊನ್ನೆ ಬೆಳಗ್ಗೆ ಒಂದೇ ಬೆಕ್ಕಿನ ಮರಿಯ ಚಿತ್ರ ಏಳು ಗುಂಪುಗಳಿಂದ ನನ್ನ ಮೊಬೈಲಿಗೆ ಬಂದು ಬಿತ್ತು. ಒಕ್ಕಣೆ ತಮಗೆಲ್ಲ ಬಾಯಿಪಾಠವಾಗಿರುವಂಥದ್ದೇ: "ಪಾಪದ ಮರಿ, ತಾಯಿಯಿಲ್ಲ, ಯಾರಾದರೂ ಸಾಕಿಕೊಳ್ಳಿ." ನಲವತ್ತು ಮಂದಿ ಕೈಮುಗಿದಿದ್ದರು, ಒಬ್ಬ ಹಿರಿಯರು ಅಳುವ ಮುಖಗಳನ್ನು ಎರಡು ಸಾಲು ಸುರಿದಿದ್ದರು. ಚಿತ್ರ ತೆಗೆದ ಪುಣ್ಯಾತ್ಮರು ಮರಿಯಿಂದ ಎರಡೇ ಅಡಿ ದೂರದಲ್ಲಿ ನಿಂತಿದ್ದರೆಂಬುದಕ್ಕೆ ಚೌಕಟ್ಟಿನ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ ಅವರದೇ ಚಪ್ಪಲಿಯ ತುದಿ ಸಾಕ್ಷಿಯಾಗಿತ್ತು. ಬಾಗಿ ಎತ್ತಿಕೊಳ್ಳಲು ಎರಡು ಕೈಯೂ ಬೇಕು, ಮೊಬೈಲ್ ಹಿಡಿದವರಿಗೆ ಅದು ಹೇಗೆ ಸಾಧ್ಯ ಹೇಳಿ.

ಈ 'ಯಾರಾದರೂ' ಎಂಬ ಮಹಾನುಭಾವರು ಯಾರಿರಬಹುದೆಂದು ನಾನೂ ಬಹುಕಾಲ ಯೋಚಿಸಿದ್ದೆ. ಮೂರು ವರ್ಷಗಳ ಹಿಂದೆ ಒಂದು ಮಳೆಯ ರಾತ್ರಿ, ಅರ್ಜಿ ಹಾಕದೆಯೇ, ಆ ಹುದ್ದೆಗೆ ನನ್ನ ನೇಮಕವಾಯಿತು. ಬಾಗಿಲ ಹೊರಗೆ ಬಿಟ್ಟಿದ್ದ ನನ್ನ ಶೂ ಒಳಗೆ ಅಂಗೈಯಗಲದ ಮರಿಯೊಂದು ಕುಳಿತು, ಆ ಮನೆಯ ಬಾಡಿಗೆದಾರ ತಾನೇ ಎಂಬಂತೆ ನನ್ನನ್ನು ನೋಡುತ್ತಿತ್ತು. ಇದೊಂದು ರಾತ್ರಿ ಇರಲಿ ಎಂದು ಒಳಗೆ ಬಿಟ್ಟುಕೊಂಡೆ. ದಾರಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆಯುವವರೆಲ್ಲ ಮೊದಲು ಆಡುವ ಮಾತು ಅದೇ.

ಬಿಳಿ, ಕಪ್ಪು, ಕಿತ್ತಳೆ ಮೂರೂ ಬಣ್ಣ ಬಳಿದುಕೊಂಡಿದ್ದ ಅದರ ಠೀವಿಗೆ ಮರುಳಾಗಿ 'ರಾಜ' ಎಂದು ಹೆಸರಿಟ್ಟೆ. ಮೈಯನ್ನು ಕಿತ್ತಳೆಯಾಗಿಸುವ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ, ಕಪ್ಪೂ ಕಿತ್ತಳೆಯೂ ಒಂದೇ ಮೈಮೇಲೆ ಬರಲು ಸಾಮಾನ್ಯವಾಗಿ ಎರಡು ಎಕ್ಸ್ ಬೇಕು, ಎರಡು ಎಕ್ಸ್ ಇರುವುದು ಹೆಣ್ಣಿಗೆ, ಆದ್ದರಿಂದ ಇಂಥ ಬೆಕ್ಕುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ ಎಂಬ ವಿಜ್ಞಾನ ನನಗೆ ತಿಳಿದದ್ದು, ರಾಜನು ಇಸ್ತ್ರಿ ಮಾಡಿಟ್ಟ ನನ್ನ ಅಂಗಿಗಳ ಮೇಲೆ ನಾಲ್ಕು ಮರಿ ಹಾಕಿದ ಮೇಲೆ. ಬೆಕ್ಕು ನಾಲ್ಕೈದು ತಿಂಗಳಿಗೇ ಬಸುರಾಗಬಲ್ಲದು, ಒಂಬತ್ತೇ ವಾರಕ್ಕೆ ಹೆರುತ್ತದೆ ಎಂಬ ಮಾಹಿತಿಯನ್ನು ನೂರೆಂಟು ಸಲಹೆ ಕೊಟ್ಟ ಬಂಧುಮಿತ್ರರಲ್ಲಿ ಒಬ್ಬರೂ ಕೊಡಲಿಲ್ಲ.

ಅಸಲಿಗೆ ನಾವು ಬೆಕ್ಕನ್ನು ಸಾಕುತ್ತೇವೆಂಬುದೇ ದೊಡ್ಡ ಭ್ರಮೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿದ್ದ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದ ಸುದ್ದಿ 2004ರಲ್ಲಿ ಪ್ರಕಟವಾಯಿತು. ಮನುಷ್ಯ ಧಾನ್ಯ ಕೂಡಿಟ್ಟ, ಧಾನ್ಯಕ್ಕೆ ಇಲಿ ಬಂತು, ಇಲಿಗಾಗಿ ಬೆಕ್ಕು ತಾನಾಗಿಯೇ ಬಂದು ನೆಲೆಸಿತು ಎನ್ನುತ್ತಾರೆ ಪಂಡಿತರು. ಅಂದರೆ ಬೀದಿಯಲ್ಲಿ ಸಿಕ್ಕ ಬಡಪಾಯಿಯನ್ನು ಕರುಣೆಯಿಂದ ಕಂಡದ್ದು ಬೆಕ್ಕೇ ಇರಬೇಕು. ಬೆಳೆದ ಬೆಕ್ಕುಗಳು ತಮ್ಮತಮ್ಮೊಳಗೆ 'ಮಿಯಾಂವ್' ಎನ್ನುವುದು ಅಪರೂಪ, ಆ ಭಾಷೆ ಹೆಚ್ಚಾಗಿ ನಮಗೇ ಮೀಸಲು. ಬುದ್ಧಿ ಮಂದವಾದ ನೌಕರನಿಗೆ ಯಜಮಾನ ಬಿಡಿಸಿ ಬಿಡಿಸಿ ಹೇಳುವ ಹಾಗೆ.

ಹುದ್ದೆಯ ವಿಚಾರಕ್ಕೆ ಬರುತ್ತೇನೆ. ಒಮ್ಮೆ ಒಂದು ಬೆಕ್ಕಿಗೆ ನೆರಳು ಕೊಟ್ಟಿರೋ, ಆಸುಪಾಸಿನ ಸಮಸ್ತ ಮಾರ್ಜಾಲ ಕುಲಕ್ಕೆ ನೀವೇ ಹೊಣೆಗಾರರು. ಯಾರ ಮಾಡಿನ ಮೇಲೆ ಯಾವ ಗಂಡುಬೆಕ್ಕು ನಡುರಾತ್ರಿ ಕಾಳಗ ನಡೆಸಿದರೂ ಬೆಳಗ್ಗೆ ನನ್ನ ಬಾಗಿಲಲ್ಲಿ, "ನಿಮ್ಮ ಬೆಕ್ಕು ನಿದ್ದೆ ಮಾಡಲು ಬಿಡಲಿಲ್ಲ ಸಾರ್." ರಾಜನಿಗೆ ಆಪರೇಷನ್ ಮಾಡಿಸಿದ್ದೇನೆ, ಅವಳು ರಾತ್ರಿಯಿಡೀ ನನ್ನ ಕಾಲ ಮೇಲೆಯೇ ಮಲಗಿದ್ದಳು ಎಂದರೆ, ಅವರು ನನ್ನನ್ನು ಸುಳ್ಳುಸಾಕ್ಷಿ ಹೇಳುವವನಂತೆ ನೋಡುತ್ತಾರೆ. ಹೀಗೆ ದೂರುವವರೇ ಗುಂಪಿನಲ್ಲಿ ಹೃದಯದ ಚಿಹ್ನೆ ಒತ್ತುವವರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಳೆದ ತಿಂಗಳು ಒಂದು ರಾತ್ರಿ ಗೇಟಿನ ಬಳಿ ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟುಹೋಗಿದ್ದರು. ಅಂಟುಪಟ್ಟಿ ಹಚ್ಚಿ ಭದ್ರಪಡಿಸಿದ್ದರು. ಉಸಿರಾಟಕ್ಕೆಂದು ಒಂದು ತೂತನ್ನೂ ಬಿಟ್ಟಿರಲಿಲ್ಲ. ಒಳಗೆ ಮೂರು ಮರಿ, ಕಣ್ಣು ಬಿಟ್ಟಿರಲಿಲ್ಲ. ಕಣ್ಣು ಬಿಡದ ಮರಿ ತನ್ನ ಮೈಯನ್ನು ತಾನು ಬೆಚ್ಚಗಿಟ್ಟುಕೊಳ್ಳಲಾರದು. ಎರಡು ಮೂರು ಗಂಟೆಗೊಮ್ಮೆ ಉಣಿಸಬೇಕು, ಹಸುವಿನ ಹಾಲು ಕೊಟ್ಟರೆ ಭೇದಿಯಾಗುತ್ತದೆ, ತಾಯಿ ನೆಕ್ಕದಿದ್ದರೆ ಉಚ್ಚೆಯೂ ಹೊಯ್ಯಲಾರದು, ಒದ್ದೆ ಹತ್ತಿಯಿಂದ ನಾವೇ ಒರೆಸಿ ಮಾಡಿಸಬೇಕು. ತಾಯಿ ಎಲ್ಲೋ ಹತ್ತಿರದಲ್ಲೇ ಕೂಗುತ್ತ ಹುಡುಕಾಡುತ್ತಿದ್ದಿರಬೇಕು. ಅದರ ಬಾಯಿಂದ ಮರಿಗಳನ್ನು ಕಿತ್ತು ತಂದು ಇದನ್ನು ದಯೆ ಎಂದು ಕರೆದುಕೊಳ್ಳುವವರಿಗೆ ಏನು ಹೇಳಬೇಕೋ ನನಗೆ ತಿಳಿಯದು. ನನಗೆ ಸಾಕಾಗಿದೆ. ಒಂದು ಮರಿ ಬೆಳಗಾಗುವ ಮೊದಲೇ ಹೋಯಿತು.

ಮರುದಿನ ಗುಂಪಿನಲ್ಲಿ ಅದೇ ಪೆಟ್ಟಿಗೆಯ ಚಿತ್ರ ಬಂತು, ಹಿನ್ನೆಲೆಯಲ್ಲಿ ನನ್ನ ಮನೆಯ ಗೇಟು. "ಮೂರೂ ಮರಿಗಳು ಒಳ್ಳೆಯ ಕೈ ಸೇರಿವೆ, ದೇವರು ದೊಡ್ಡವನು" ಎಂದು ಬರೆದಿತ್ತು. ಐವತ್ತಾರು ಜನ ಕೈಮುಗಿದಿದ್ದರು. ಉತ್ತರ ಬರೆಯೋಣವೆಂದು ಮೊಬೈಲ್ ಎತ್ತಿಕೊಂಡೆ. ಅಷ್ಟರಲ್ಲಿ ಎರಡೂ ಮರಿಗಳು ಕಿರಿಚತೊಡಗಿದವು, ಹತ್ತಿ ಹುಡುಕಲು ಎದ್ದುಹೋದೆ.