ಚಿಮಣಿಗೆ ನೋವಾಗಬಾರದು ನೋಡಿ

ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ದೊಡ್ಡ ಮನೆಯವರದು ಬಹಳ ಮೃದು ಮನಸ್ಸು. ಒಲೆಯ ಹೊಗೆ ಹೋಗುವ ಚಿಮಣಿಯ ಮಸಿ ಗುಡಿಸಲು ಅದರ ಗೋಡೆಗೊಂದು ತೂತು ಕೊರೆಯೋಣ ಎಂದರೆ ಸಂಕಟಪಡುತ್ತಿದ್ದರು. ಅದರೊಳಗೆ ಆರೇಳು ವರ್ಷದ ಹುಡುಗನನ್ನು ತುರುಕೋಣ ಎಂದರೆ ಏನೂ ಅನ್ನಿಸುತ್ತಿರಲಿಲ್ಲ.

ಎಷ್ಟೋ ಹೊಗೆಕೊಳವೆಗಳ ಅಗಲ ಒಂಬತ್ತೇ ಇಂಚು. ಹುಡುಗ ಮೊಣಕೈ, ಮೊಣಕಾಲು ಊರಿಕೊಂಡು ಮಸಿ ಕೆರೆಯುತ್ತಾ ಹತ್ತಬೇಕು. ಚರ್ಮ ಗಟ್ಟಿಯಾಗಲಿ ಅಂತ ಅವನನ್ನು ಕೆಲಸಕ್ಕಿಟ್ಟುಕೊಂಡ ಮೇಸ್ತ್ರಿ ಉಪ್ಪುನೀರು ತಿಕ್ಕಿ ಬೆಂಕಿ ಮುಂದೆ ನಿಲ್ಲಿಸುತ್ತಿದ್ದ. ರಾತ್ರಿ ಮಲಗುವುದು ಮಸಿಯ ಚೀಲದ ಜೊತೆ. ಈ ಮಸಿಯಿಂದ ಕ್ಯಾನ್ಸರ್ ಬರುತ್ತದೆ ಎಂದು ಪರ್ಸಿವಲ್ ಪಾಟ್ ಎಂಬ ವೈದ್ಯ 1775ರಲ್ಲೇ ಬರೆದಿದ್ದ.

ಪಾರ್ಲಿಮೆಂಟು ಸುಮ್ನೆ ಕೂತಿರಲಿಲ್ಲ, ಪಾಪ. 1788ರಲ್ಲೇ ಕಾನೂನು ಮಾಡಿತು. ಎಂಟು ವರ್ಷ ತುಂಬದವನನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳಬಾರದು, ವಾರಕ್ಕೊಮ್ಮೆ ಮೈ ತೊಳೆಸಬೇಕು. ತೊಳೆಸಿದರಾ ಅಂತ ನೋಡಲು ಮಾತ್ರ ಯಾರನ್ನೂ ನೇಮಿಸಲಿಲ್ಲ.

1803ರಲ್ಲಿ ಜಾರ್ಜ್ ಸ್ಮಾರ್ಟ್ ಎಂಬಾತ ಉದ್ದ ಕೋಲಿನ ಬ್ರಷ್ ಮಾಡಿಕೊಟ್ಟ. ಬಹುತೇಕ ಚಿಮಣಿಗಳಿಗೆ ಅದೇ ಸಾಕಿತ್ತು. ಆದರೆ ಬಂಗಲೆಗಳ ಕೊಳವೆ ಅಂಕುಡೊಂಕು. ಬ್ರಷ್ ಬಾಗಲ್ಲ, ಮಗು ಬಾಗುತ್ತದೆ! ತಿರುವಿನಲ್ಲಿ ಸಣ್ಣದೊಂದು ಬಾಗಿಲು ಇಟ್ಟರೆ ಆಗುತ್ತಿತ್ತು. ಖರ್ಚು ಯಾರು ಮಾಡ್ತಾರೆ? ರತ್ನಗಂಬಳಿಗೆ ಮಸಿ ಬಿದ್ದರೆ? ಹುಡುಗರನ್ನು ಹತ್ತಿಸುವುದು ಬೇಡ ಎಂಬ ಮಸೂದೆ 1819ರಲ್ಲಿ ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಗೆ ಬಂತು. ಜಾಸ್ತಿ ತಿರುವಿನ ಚಿಮಣಿ ಇದ್ದವರೇ ಅಲ್ಲಿ ಕೂತಿದ್ದವರು, ಅಲ್ವಾ? ಮಸೂದೆ ಬಿದ್ದುಹೋಯಿತು.

1834ರಲ್ಲಿ ಇನ್ನೊಂದು ಕಾನೂನು. 1840ರಲ್ಲಿ ಮತ್ತೊಂದು: 21 ತುಂಬದವರು ಹತ್ತುವಂತಿಲ್ಲ. 21ರ ಗಂಡಸು ಒಂಬತ್ತು ಇಂಚಿನಲ್ಲಿ ಹಿಡಿಸುವುದು ಹೇಗೆ? ಹಾಗಾಗಿ ಚಿಕ್ಕವರೇ ಹತ್ತುತ್ತಿದ್ದರು. ದೂರು ಕೊಟ್ಟರೆ ವಿಚಾರಿಸುವ ಮ್ಯಾಜಿಸ್ಟ್ರೇಟರ ಮನೆಯಲ್ಲೂ ಚಿಮಣಿ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. 1864ರಲ್ಲಿ ಇನ್ನೂ ಒಂದು ಕಾನೂನು ಆಯಿತು. ಕಾನೂನಿಗೇನೂ ಬರ ಇರಲಿಲ್ಲ.

1875ರ ಫೆಬ್ರವರಿಯಲ್ಲಿ ಕೇಂಬ್ರಿಜ್ ಹತ್ತಿರದ ಫುಲ್ಬರ್ನ್ ಆಸ್ಪತ್ರೆಯ ಕೊಳವೆಯಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಸಿಕ್ಕಿಕೊಂಡ. ಹೊರತೆಗೆಯಲು ಗೋಡೆಯನ್ನೇ ಒಡೆದರು. ಅಂತೂ ಆ ಖರ್ಚು ತಪ್ಪಲಿಲ್ಲ. ಹುಡುಗ ಉಳಿಯಲಿಲ್ಲ. ಮೇಸ್ತ್ರಿಗೆ ಆರು ತಿಂಗಳು ಕಠಿಣ ಸಜೆ ಆಯಿತು. ಚಿಮಣಿಯ ಮಾಲೀಕರಿಗೆ ಶಿಕ್ಷೆ ಇಲ್ಲ.

ದಶಕಗಳಿಂದ ಇದಕ್ಕಾಗಿ ಬಡಿದಾಡುತ್ತಿದ್ದ, ಲಾರ್ಡ್ಸ್ ಸಭೆಯವರೇ ಆದ ಶಾಫ್ಟ್ಸ್‌ಬರಿ ಅದೇ ವರ್ಷ ಹೊಸ ಕಾನೂನು ತಂದರು. ಚಿಮಣಿ ಗುಡಿಸುವವರು ಪ್ರತಿ ವರ್ಷ ಪೊಲೀಸರಿಂದ ಲೈಸೆನ್ಸ್ ಪಡೆಯಬೇಕು. ಹುಡುಗರನ್ನು ಹತ್ತಿಸಿದರೆ ಲೈಸೆನ್ಸ್ ಹೋಗುತ್ತದೆ ಎಂದ ಕೂಡಲೇ, ಎಪ್ಪತ್ತು ವರ್ಷದಿಂದ ಬಾಗಲ್ಲ ಎನ್ನುತ್ತಿದ್ದ ಬ್ರಷ್ ಬಾಗಿತು.