ಅಕ್ಕಿಗೆ ಯಜಮಾನಿ, ಬೀಗಕ್ಕೆ ಯಾರೋ

2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಶನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ಕಾಸರಗೋಡಿನ ನಮ್ಮ ಬದಿಯಡ್ಕವಿರಲಿ ಉಪ್ಪಳವಿರಲಿ, ಅತ್ತೆ ತೀರಿಹೋದ ಮನೆಯಲ್ಲಿ ಈ ಪಟ್ಟ ಸೊಸೆಗೆ. ಕಾರ್ಡಿನ ಹೆಸರು ಅವಳದ್ದು, ಫೋಟೋ ಅವಳದ್ದು, ಕ್ಯೂ ಕೂಡ ಅವಳದ್ದೇ. ಆದರೆ ಗಂಡ ಹೆಂಡಿರ ನಡುವೆ ಮಾತು ನಿಂತ ದಿನ ಹೋಗಿ ನೋಡಿ, ಯಜಮಾನಿಯ ಬಟ್ಟೆಬರೆ ಜಗಲಿಯಲ್ಲಿ, ಬಾಗಿಲಿಗೆ ಒಳಗಿನಿಂದ ಚಿಲಕ.

"ಇದು ನನ್ನ ಮನೆ" ಎಂದು ಅವಳು ಹೇಳಿದ್ದೇ ತಡ, ಊರಿಗೆ ಊರೇ ಕಾನೂನು ಪಂಡಿತ. ವಾರ್ಡು ಮೆಂಬರು ಕೇಳುತ್ತಾರೆ:

"ಜಾಗದ ರೆಕಾರ್ಡು ಯಾರ ಹೆಸರಿನಲ್ಲಿ ತಂಗಿ?"

"ಮಾವನ ಹೆಸರಿನಲ್ಲಿ."

"ಹಾಗಾದರೆ ಕಷ್ಟ. ಸ್ವಲ್ಪ ದಿನ ತವರಿಗೆ ಹೋಗಿ ಕೂತ್ಕೊಳ್ಳಿ, ಮತ್ತೆ ಮಾತಾಡುವ."

ತವರಿನಲ್ಲಿ ಅಣ್ಣ ಹೊಸ ಮನೆಗೆ ಟೈಲ್ಸು ಹಾಕಿಸುತ್ತಿದ್ದಾನೆ. ಅತ್ತಿಗೆ ಚಾ ಕೊಟ್ಟು ಮೆತ್ತಗೆ, "ಎಷ್ಟಾದರೂ ನಿನ್ನ ಮನೆ ಅದಲ್ವಾ" ಎನ್ನುತ್ತಾಳೆ. ಈ ಸೊಸೆಯ ಬಳೆ, ಸರ ಬ್ಯಾಂಕಿನಲ್ಲಿ ಅಡವು ಕೂತದ್ದರಿಂದಲೇ ಆ "ನಿನ್ನ ಮನೆ"ಗೆ ಮಾಳಿಗೆ ಎದ್ದದ್ದು. ಗೋಡೆಯ ಮುರಕಲ್ಲಿಗೆ ಸಾಕ್ಷಿ ಹೇಳುವ ಬಾಯಿಲ್ಲ, ಏನು ಮಾಡುವುದು.

ಕಾನೂನು ಇಲ್ಲವೆಂದಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಕಲಮು ಹೇಳುತ್ತದೆ: ಒಡೆತನ ಇರಲಿ ಬಿಡಲಿ, ಸಂಸಾರ ನಡೆಸಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಅತ್ತೆ ಮಾವನ ಸ್ವಂತ ಮನೆಯಾದರೆ ಈ ಹಕ್ಕು ನಡೆಯದು ಎಂದಿತು. 2020ರ ಅಕ್ಟೋಬರಿನಲ್ಲಿ ಅದೇ ಕೋರ್ಟು, ಆ ತೀರ್ಪು ಸರಿಯಲ್ಲ ಎಂದಿತು. ನಡುವೆ ಕಳೆದದ್ದು ಹೆಚ್ಚುಕಡಿಮೆ ಹದಿನಾಲ್ಕು ವರ್ಷ, ಲೆಕ್ಕಕ್ಕೆ ಸರಿಯಾಗಿ ಒಂದು ವನವಾಸ.

ತೀರ್ಪು ತಿರುಗಿದ ಮೇಲೆ ಮಾವಂದಿರಿಗೆ ಒಮ್ಮೆಲೇ ವಯಸ್ಸಾಗತೊಡಗಿತು. ನಿನ್ನೆಯವರೆಗೆ ಅಡಿಕೆ ತೋಟಕ್ಕೆ ಮದ್ದು ಬಿಡಲು ಆಳುಗಳಿಗಿಂತ ಮುಂದೆ ಓಡುತ್ತಿದ್ದವರು ಇಂದು ದೊಣ್ಣೆ ಊರಿಕೊಂಡು ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಕೈಯಲ್ಲಿ ಸೊಸೆಯನ್ನು ಮನೆಯಿಂದ ಹೊರಹಾಕಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ ಅರ್ಜಿ, ಪಕ್ಕದಲ್ಲಿ ಮಗನೇ ಬರೆಸಿಕೊಟ್ಟ ದೂರು: ಸೊಸೆ ಅನ್ನ ಹಾಕುವುದಿಲ್ಲ. ಈ ಉಪಾಯವೂ ನಡೆಯದು, ಹಿರಿಯರ ಕಾಯ್ದೆಯನ್ನು ಮುಂದಿಟ್ಟು ಸೊಸೆಯ ವಾಸದ ಹಕ್ಕನ್ನು ಅಳಿಸಿಹಾಕಬಾರದು ಎಂದು ಬೆಂಗಳೂರಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲೇ ಹೇಳಿದೆ. ಮೆಟ್ಟಿಲು ಹತ್ತುವ ದೊಣ್ಣೆಗೆ ಅದು ಇನ್ನೂ ಕೇಳಿಸಿಲ್ಲ.

ತಮಾಷೆಯೆಂದರೆ ಇದು ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುತ್ತಿದ್ದ ಅಳಿಯಸಂತಾನದ ಸೀಮೆ. ಹೆಣ್ಣು ಎಲ್ಲಿಗೆ ಮದುವೆಯಾಗಿ ಹೋದರೂ ತಾಯಿಯ ಕುಟುಂಬದ ಮನೆಯಲ್ಲಿ ಅವಳ ಜಾಗ ಹೋಗುತ್ತಿರಲಿಲ್ಲ. 1975ರ ಕೇರಳದ ಕಾಯ್ದೆ ಅವಿಭಕ್ತ ಕುಟುಂಬವನ್ನೇ ರದ್ದು ಮಾಡಿತು, ಪಾಲಾಯಿತು, ಪಾಲಿನಲ್ಲಿ ಗೋಡೆ ಎದ್ದಿತು. ಈಗ ಅಳಿಯಸಂತಾನ ನೆನಪಾಗುವುದು ದೈವದ ಕೋಲಕ್ಕೆ ವಂತಿಗೆ ಎತ್ತುವಾಗ ಮಾತ್ರ. ಆಗ ಕುಟುಂಬದ ಹೆಣ್ಣುಮಕ್ಕಳ ಪಟ್ಟಿಯಲ್ಲಿ ಒಂದು ಹೆಸರೂ ಬಿಟ್ಟುಹೋಗುವುದಿಲ್ಲ.

ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಹೆಂಡತಿಗೂ ಪಾಲು ಕೊಡುವ ಮಸೂದೆಯನ್ನು 2013ರಲ್ಲಿ ರಾಜ್ಯಸಭೆ ಒಪ್ಪಿತ್ತು. ಲೋಕಸಭೆಗೆ ಪುರುಸೊತ್ತಾಗಲಿಲ್ಲ, ಮಸೂದೆ ಸತ್ತಿತು. ಹಾಗಾಗಿ ಸದ್ಯಕ್ಕೆ ಅವಳು ಇರಬಹುದು, ಹೊಂದುವಂತಿಲ್ಲ. ಇರಲು ಬಿಡದಿದ್ದರೆ ಅದೇ ಮಟ್ಟದ ಬೇರೆ ಮನೆಯನ್ನೋ ಬಾಡಿಗೆಯನ್ನೋ ಕೊಡಿಸಬಹುದು ಎಂದೂ 2005ರ ಕಾಯ್ದೆಯಲ್ಲಿದೆ. ಮಾಳಿಗೆ ಮನೆಯ ಮಟ್ಟಕ್ಕೆ ಸರಿಸಮವೆಂದು ಗಂಡ ತೋರಿಸುವುದು ಶೀಟು ಹೊದೆಸಿದ ಒಂದು ಕೋಣೆಯ ಕ್ವಾರ್ಟರ್ಸು.

ಅವಳ ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನದೊಳಗೆ ಮುಗಿಸಲು ಮ್ಯಾಜಿಸ್ಟ್ರೇಟರು ಪ್ರಯತ್ನಿಸಬೇಕು ಎಂದಿದೆ. ಪ್ರಯತ್ನ ನಡೆಯುತ್ತಲೇ ಇರುತ್ತದೆ, ಎರಡು ಮಳೆಗಾಲ ಹೋಗುತ್ತದೆ. ಕೊನೆಗೂ ಆದೇಶ ಹಿಡಿದು, ಪೊಲೀಸರನ್ನು ಕರೆದುಕೊಂಡು ಅವಳು ಅಂಗಳಕ್ಕೆ ಬಂದರೆ ಬಾಗಿಲಲ್ಲಿ ಹೊಳೆಯುವ ಹೊಸ ಬೀಗ. ಗಂಡ ಕೈಮುಗಿದು ನಿಂತಿದ್ದಾನೆ.

"ಸಾರ್, ನನ್ನದೇನೂ ತಕರಾರಿಲ್ಲ. ಬೀಗ ಅಪ್ಪನದ್ದು. ಕೀ ತಮ್ಮನ ಹತ್ತಿರ ಉಂಟು. ತಮ್ಮ ದುಬೈಯಲ್ಲಿದ್ದಾನೆ."