ಪೌಲಸನ ನಾಲ್ವರು ಗಂಡುಮಕ್ಕಳು

ರೋಮಿನ ಕುಲೀನ ಮನೆತನಗಳ ಇತಿಹಾಸವನ್ನು ರಕ್ತಸಂಬಂಧದ ವಂಶಾವಳಿಯೆಂದು ಓದುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಮನೆತನದ ಹೆಸರು ಒಂದು ಆಸ್ತಿ; ವಾರಸುದಾರನಿಲ್ಲದಿದ್ದರೆ ಬೇರೆ ಮನೆಯಿಂದ ಹುಡುಗನನ್ನು ತಂದಾದರೂ ಅದನ್ನು ಉಳಿಸಿಕೊಳ್ಳುತ್ತಿದ್ದರು.

ರೋಮಿನ ಸೇನಾಪತಿ ಲೂಸಿಯಸ್ ಎಮಿಲಿಯಸ್ ಪೌಲಸನನ್ನೇ ನೋಡಿ. ಮೊದಲ ಹೆಂಡತಿ ಪಪಿರಿಯಾಳಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನನ್ನು ಫೇಬಿಯಸ್ ಮನೆತನಕ್ಕೆ, ಇನ್ನೊಬ್ಬನನ್ನು ಸಿಪಿಯೊ ಮನೆತನಕ್ಕೆ ದತ್ತು ಕೊಟ್ಟ. ತನ್ನ ಹೆಸರಿಗೆ ಎರಡನೆಯ ಮದುವೆಯ ಇಬ್ಬರಿದ್ದರು. ಕ್ರಿ.ಪೂ. 168ರಲ್ಲಿ ಪಿಡ್ನಾದಲ್ಲಿ ಮ್ಯಾಸಿಡೋನಿಯಾದ ದೊರೆ ಪರ್ಸಿಯಸನನ್ನು ಸೋಲಿಸಿದ ಆತ ಮರುವರ್ಷ ರೋಮಿನಲ್ಲಿ ವಿಜಯದ ಮೆರವಣಿಗೆ ಹೊರಟಾಗ, 12 ಮತ್ತು 14 ವರ್ಷದ ಆ ಹುಡುಗರಲ್ಲಿ ಒಬ್ಬ ಮೆರವಣಿಗೆಗೆ 5 ದಿನ ಮುಂಚೆ, ಇನ್ನೊಬ್ಬ 3 ದಿನಗಳ ನಂತರ ತೀರಿಕೊಂಡ. ಕೊಟ್ಟ ಮಕ್ಕಳು ಬದುಕಿದ್ದರು, ಆದರೆ ಕಾನೂನಿನ ಪ್ರಕಾರ ಅವರು ಬೇರೆ ಮನೆಯವರು.

ಸಿಪಿಯೊ ಮನೆಗೆ ಹೋದವನು ಪಬ್ಲಿಯಸ್ ಕಾರ್ನೇಲಿಯಸ್ ಸಿಪಿಯೊ ಎಮಿಲಿಯಾನಸ್ ಆದ. ಕೊನೆಯ ತುಂಡೊಂದೇ ಹುಟ್ಟಿದ ಮನೆಯ ಗುರುತು. ಕ್ರಿ.ಪೂ. 146ರಲ್ಲಿ ರೋಮಿನ ಹಳೆಯ ವೈರಿ, ಉತ್ತರ ಆಫ್ರಿಕಾದ ಕಾರ್ತೇಜ್ ನಗರವನ್ನು ನೆಲಸಮ ಮಾಡಿದವನು ಇವನೇ. ದತ್ತು ತೆಗೆದುಕೊಂಡವನೇನೂ ಹೊರಗಿನವನಲ್ಲ, ಪೌಲಸನ ಸೋದರಿ ಎಮಿಲಿಯಾಳ ಮಗ. ಹೀಗೆ ಹುಡುಗನಿಗೆ ಸೋದರತ್ತೆಯ ಮಗ ತಂದೆಯಾದ, ಸೋದರತ್ತೆ ಅಜ್ಜಿಯಾದಳು. ಮುಂದೆ ಆತ ಮದುವೆಯಾದ ಸೆಂಪ್ರೋನಿಯಾ ಸಾಕುತಂದೆಯ ಸೋದರಿ ಕಾರ್ನೇಲಿಯಾಳ ಮಗಳು, ಅಂದರೆ ದತ್ತಿನ ಲೆಕ್ಕದಲ್ಲಿ ಮತ್ತೆ ಸೋದರತ್ತೆಯ ಮಗಳು. ನಮ್ಮ ಹಿರಿಯರಾಗಿದ್ದರೆ ಜಾತಕವನ್ನೂ ಕೇಳದೆ ಒಪ್ಪುತ್ತಿದ್ದ ಸಂಬಂಧ.

ಈ ಮನೆಗಳನ್ನು ಒಂದಕ್ಕೊಂದು ಬೆಸೆದವರು ಹೆಂಗಸರು. ಅವರಿಗೆ ಸಿಕ್ಕಿದ್ದು ಮಾತ್ರ ಮನೆತನದ ಹೆಸರಿನ ಸ್ತ್ರೀರೂಪ: ಎಮಿಲಿಯಸ್ ಮನೆಯ ಹೆಣ್ಣು ಎಮಿಲಿಯಾ, ಕಾರ್ನೇಲಿಯಸ್ ಮನೆಯವಳು ಕಾರ್ನೇಲಿಯಾ. ಪೌಲಸನ ಪುಟ್ಟ ಮಗಳನ್ನು ಕರೆಯುತ್ತಿದ್ದದ್ದು ಟೆರ್ಷಿಯಾ, ಮೂರನೆಯವಳು, ಎಂದು. ಪರ್ಸಿಯಸನ ಮೇಲಿನ ಯುದ್ಧದ ಹೊಣೆ ಹೊತ್ತು ತಂದೆ ಮನೆಗೆ ಬಂದಾಗ ಅವಳು “ಪರ್ಸಿಯಸ್ ಸತ್ತುಹೋದ” ಎಂದು ಅಳುತ್ತಿದ್ದಳಂತೆ. ಸತ್ತದ್ದು ಆ ಹೆಸರಿನ ನಾಯಿಮರಿ. ಈ ಪ್ರಸಂಗವನ್ನು ಹಳಬರು ಹೇಳುವುದು ಶುಭಶಕುನದ ಕಥೆಯಾಗಿ. ನಾಯಿಮರಿಗೂ ಸ್ವಂತ ಹೆಸರಿದ್ದ ಮನೆಯಲ್ಲಿ ಮಗಳಿಗೆ ಕ್ರಮಸಂಖ್ಯೆಯಿತ್ತು ಎಂಬುದೇ ನನಗೆ ಅದರಲ್ಲಿ ಎದ್ದು ಕಾಣುತ್ತದೆ.

ಕಾನೂನು ಕಡಿದ ನಂಟನ್ನು ಎಮಿಲಿಯಾನಸ್ ಮಾತ್ರ ಕಡಿದುಕೊಳ್ಳಲಿಲ್ಲ. ಅಜ್ಜಿಯಾದ ಎಮಿಲಿಯಾ ತೀರಿಕೊಂಡು ಅವಳ ಒಡವೆ, ಗಾಡಿ, ಹೇಸರಗತ್ತೆಗಳೆಲ್ಲ ತನಗೆ ಬಂದಾಗ, ಗಂಡ ಬಿಟ್ಟ ಮೇಲೆ ಕೈ ಸಾಗದೆ ಉತ್ಸವಗಳಿಗೆ ಹೋಗುವುದನ್ನೇ ನಿಲ್ಲಿಸಿದ್ದ ಹೆತ್ತ ತಾಯಿ ಪಪಿರಿಯಾಳಿಗೆ ಎಲ್ಲವನ್ನೂ ಕೊಟ್ಟುಬಿಟ್ಟ. ಅದೇ ಗಾಡಿಯಲ್ಲಿ ಅವಳು ಬಂದಿಳಿದದ್ದನ್ನು ಊರ ಹೆಂಗಸರು ಗುರುತು ಹಿಡಿದರೆಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆಯುತ್ತಾನೆ. ಆತ ಎಮಿಲಿಯಾನಸನ ಆಪ್ತ, ಹೊಗಳಿಕೆಯಲ್ಲಿ ಸ್ವಲ್ಪ ಕಳೆದೇ ಓದಬೇಕು. ಪೌಲಸ್ ಸತ್ತ ಮೇಲೆ ಬಂದ ತನ್ನ ಪಾಲನ್ನು ಸಹ ಎಮಿಲಿಯಾನಸ್ ಫೇಬಿಯಸ್ ಮನೆ ಸೇರಿದ್ದ ಅಣ್ಣನಿಗೇ ಬಿಟ್ಟುಕೊಟ್ಟ.